ಕಂಪ್ಯೂಟರಿಗೆ ಹೊಲಿದ ಮಖಮಲ್ಲಿನ ಅಂಗಿ

ನಮ್ಮ ಮೂರ್ಖತನವನ್ನು ಬೇರೆಯವರು ಹೇಳುವ ಮೊದಲು ನಾವೇ ಹೇಳಿಕೊಂಡುಬಿಟ್ಟರೆ ಅರ್ಧ ಮರ್ಯಾದೆಯಾದರೂ ಉಳಿಯುತ್ತದೆ ಎಂದು ನಂಬಿದವನು ನಾನು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಜ್ವರ ನೋಡುವ ಥರ್ಮಾಮೀಟರನ್ನು ಕಂಪ್ಯೂಟರಿನ ಹೊಟ್ಟೆಯೊಳಗಿಟ್ಟು, ಅದು ತೋರಿಸಿದ್ದೇ ಸತ್ಯ, ಕಂಪ್ಯೂಟರು ಹೇಳುತ್ತಿರುವುದು ಸುಳ್ಳು ಎಂದು ತೀರ್ಪು ಕೊಟ್ಟವನು ನಾನೇ. ಕಲ್ಯಾಣದುರ್ಗದ ಹೊಸ ಅಂಗಡಿಯಲ್ಲಿ ತಿರುಗುವ ಕುರ್ಚಿಯ ಮೇಲೆ ಕೂರಬೇಕಾಗಿದ್ದವನು ಇವತ್ತಿಗೂ ಹಿಂದೂಪುರದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಶೀಟಿನ ಕೆಳಗೆ ಬೇಯುತ್ತ ಕೂತಿದ್ದರೆ, ಅದಕ್ಕೆ ಗ್ರಹಚಾರವನ್ನು ಬೈದು ಪ್ರಯೋಜನವಿಲ್ಲ.

ನಮ್ಮ ಯಜಮಾನರು ಜಯರಾಮಣ್ಣ. ಮೂಲತಃ ದರ್ಜಿ. ಜನ ರೆಡಿಮೇಡ್ ಬಟ್ಟೆಗೆ ಬಿದ್ದಮೇಲೆ ಹೊಲಿಗೆ ಮಿಷಿನ್‌ಗಳನ್ನು ಮಾರಿ ಅದೇ ಜಾಗದಲ್ಲಿ ಇಂಟರ್‌ನೆಟ್ ಸೆಂಟರ್ ತೆರೆದರು. ಒಂದೇ ಒಂದು ಮಿಷಿನ್ನನ್ನು ಮಾತ್ರ ಪ್ರೀತಿಯಿಂದ ಉಳಿಸಿಕೊಂಡರು. ಆ ಪ್ರೀತಿಯೇ ನನಗೆ ಮುಳುವಾಯಿತು. ಉಳಿದ ಕಂಪ್ಯೂಟರುಗಳಿಗೆಲ್ಲ ನೆಟ್ ಹಂಚುವ ದೊಡ್ಡ ಕಂಪ್ಯೂಟರೊಂದಿತ್ತು, ವೈರಸ್ಸಿನ ಕಾಟ ಬೇಡವೆಂದು ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದೆವು. ದೂಳು ಹೋಗಬಾರದೆಂದು ಜಯರಾಮಣ್ಣ ಅದಕ್ಕೊಂದು ಮೆರೂನ್ ಬಣ್ಣದ ಮಖಮಲ್ಲಿನ ಅಂಗಿ ಹೊಲಿದರು. ಅಂಚಿಗೆ ಜರಿ, ಸ್ವಿಚ್ಚಿರುವ ಕಡೆ ಬೆರಳು ತೂರಲು ಕಾಜಾ. ಬೇರೆಯವರು ಅಂಗಡಿ ಮುಚ್ಚುವಾಗ ಮುಸುಕು ಹಾಕಿದರೆ ಇವರು ಅದು ಓಡುವಾಗಲೂ ಬಿಚ್ಚುತ್ತಿರಲಿಲ್ಲ. "ಕೆಲಸ ಮಾಡೋವಾಗ ಮನುಷ್ಯರು ಅಂಗಿ ಬಿಚ್ಚಿಡ್ತಾರೇನ್ಲಾ?" ಎಂದು ಕೇಳಿದ್ದರು. ನಮ್ಮೂರು ಬೆಳುಗುಪ್ಪದ ಹೊಲಗಳಲ್ಲಿ ಬಿಚ್ಚಿಟ್ಟೇ ಕೆಲಸ ಮಾಡುತ್ತಾರೆ ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ನುಂಗಿಕೊಳ್ಳುವುದು ನನ್ನ ಜಾಯಮಾನವಲ್ಲ. ಯಾರ ಧ್ವನಿಯನ್ನಾದರೂ ಎತ್ತಿಕೊಂಡು ಅಣಕಿಸುವುದು ನನ್ನ ಚಾಳಿ. ಬಸ್ ಕಂಡಕ್ಟರು, ನಮ್ಮಮ್ಮ, ಬೆಳುಗುಪ್ಪದಿಂದ ಫೋನು ಮಾಡುವ ನಮ್ಮ ಚಿಕ್ಕಪ್ಪ, ಯಾರನ್ನೂ ಬಿಟ್ಟವನಲ್ಲ. ಜಯರಾಮಣ್ಣನ ಧ್ವನಿಯನ್ನಂತೂ ಅವರ ಎದುರಿಗೇ ಮಾಡುತ್ತಿದ್ದೆ. ಅವರದೊಂದು ವಿಶೇಷ: ಹೊಗಳುವುದು ತೆಲುಗಿನಲ್ಲಿ, ಬೈಯುವುದು ಕನ್ನಡದಲ್ಲಿ. "ಬಾಗುಂದಿ ರಾ, ಬಾಗುಂದಿ" ಎಂದು ನಾನು ಮೂಗಿನಲ್ಲಿ ರಾಗ ಎಳೆದರೆ ಅವರೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಂಪ್ಯೂಟರು ಬಿಸಿಯಾದರೆ ಕೂಗುವ "ಕೀಂಯ್ ಕೀಂಯ್" ಶಬ್ದವನ್ನೂ ಕಲಿತು, ಅವರು ಊಟಕ್ಕೆ ಕೂತಾಗ ಕೂಗಿ ತುತ್ತು ಕೈಯಲ್ಲಿ ಹಿಡಿದೇ ಓಡಿ ಬರುವಂತೆ ಮಾಡುತ್ತಿದ್ದೆ.

ಹೀಗಿರುವಾಗ ಅವರು ಕಲ್ಯಾಣದುರ್ಗದಲ್ಲಿ ಇನ್ನೊಂದು ಅಂಗಡಿ ಹಾಕುವುದೆಂದೂ, ದೊಡ್ಡ ಕಂಪ್ಯೂಟರು ಅಲ್ಲಿಗೆ ಹೋಗುವುದೆಂದೂ, ಅದರ ಜೊತೆ ನಾನೇ ಹೋಗಿ ಅಂಗಡಿ ನೋಡಿಕೊಳ್ಳುವುದೆಂದೂ ತೀರ್ಮಾನವಾಯಿತು. ಅಮ್ಮ ಅದನ್ನು ಬೆಳುಗುಪ್ಪದ ಬಸ್ ಸ್ಟಾಂಡಿನಲ್ಲಿ ಕಂಡಕಂಡವರಿಗೆಲ್ಲ ಹೇಳಿಬಿಟ್ಟಳು: "ನಮ್ಮ ಮಂಜ ಕಲ್ಯಾಣದುರ್ಗದಾಗೆ ಕುರ್ಚಿ ಮ್ಯಾಲೆ ಕುಂತ್ಕೊತಾನೆ ಕಣಮ್ಮ, ಫ್ಯಾನ್ ಕೆಳಗೆ!" ಆದರೆ ಜಯರಾಮಣ್ಣನದೊಂದು ಷರತ್ತು. ಕಂಪ್ಯೂಟರಿನ ಶಾಖ ಐವತ್ತು ಡಿಗ್ರಿ ದಾಟಿದರೆ ಅದು ಹೋಗಕೂಡದು, ಅದು ಹೋಗದಿದ್ದರೆ ನಾನೂ ಹೋಗಕೂಡದು.

ಕಪ್ಪು ಪರದೆಯ ಮೇಲೆ 'ಸೆನ್ಸರ್ಸ್' ಎಂದು ಟೈಪಿಸಿದರೆ ಲಿನಕ್ಸ್ ಶಾಖದ ಲೆಕ್ಕವನ್ನು ಮೂರು ಸಾಲಿನಲ್ಲಿ ಒಪ್ಪಿಸುತ್ತದೆ. ಮೊದಲ ಸಾಲಿನಲ್ಲಿ ಮೂವತ್ತೆಂಟು. ಎರಡನೆಯದರಲ್ಲಿ ಎಪ್ಪತ್ತು. ಮೂರನೆಯದರಲ್ಲಿ ಸೊನ್ನೆಗಿಂತ ನೂರಿಪ್ಪತ್ತೆಂಟು ಡಿಗ್ರಿ ಕೆಳಗೆ! ಜಯರಾಮಣ್ಣ ಕನ್ನಡಕ ಏರಿಸಿಕೊಂಡು, "ಒಂದೇ ಡಬ್ಬದಾಗೆ ಒಂದ್ಕಡೆ ಒಲೆ, ಒಂದ್ಕಡೆ ಐಸ್ ಫ್ಯಾಕ್ಟ್ರಿನೇನ್ಲಾ?" ಎಂದರು. ಮೂರನೆಯ ಸಾಲಿಗೆ ಒಳಗೆ ತಂತಿಯನ್ನೇ ಜೋಡಿಸಿಲ್ಲ, ಬರೀ ಗಾಳಿಯನ್ನು ಅಳೆದು ಬೊಗಳೆ ಬಿಡುತ್ತಿದೆ ಎಂದು ಆಮೇಲೆ ಗೊತ್ತಾಯಿತು. ಆ ಸಾಲನ್ನು ಮರೆಮಾಡಿದ್ದು ಸರಿಯಾದ ಕೆಲಸವೇ. ಅಲ್ಲಿಗೆ ನಿಂತಿದ್ದರೆ ನಾನು ಉದ್ಧಾರವಾಗುತ್ತಿದ್ದೆ. ಆದರೆ ಮೂವರಲ್ಲಿ ಒಬ್ಬ ಸುಳ್ಳುಗಾರನಾದರೆ ಪಕ್ಕದವನೂ ಸುಳ್ಳುಗಾರನೇ ಎಂಬ ನ್ಯಾಯ ಹಿಡಿದೆ. ಎಪ್ಪತ್ತು ಎಂಬುದು ನನ್ನ ಕುರ್ಚಿಗೆ ಅಡ್ಡ ಬಂದಿತ್ತಲ್ಲ, ಅದಕ್ಕೆ ಅದು ಸುಳ್ಳಾಗಲೇಬೇಕಿತ್ತು. ಜ್ವರದ ಥರ್ಮಾಮೀಟರು ತಂದು, ಮಖಮಲ್ಲಿನ ಅಂಗಿ ಬಿಚ್ಚಿ, ಡಬ್ಬದ ಪಕ್ಕದ ಬಾಗಿಲು ತೆಗೆದು, ಟೇಬಲ್ ಫ್ಯಾನಿನ ಗಾಳಿಯಲ್ಲಿ ಒಳಗಿಟ್ಟೆ. ನೂರ ನಾಲ್ಕು ತೋರಿಸಿತು. "ಅಯ್ಯೋ, ನೂರ ನಾಲ್ಕು ಜ್ವರ! ತಣ್ಣೀರ್ ಬಟ್ಟೆ ಹಾಕ್ಲಾ?" ಎಂದು ಜಯರಾಮಣ್ಣ ಎದ್ದೇಬಿಟ್ಟರು. ಅವರನ್ನು ಕೂರಿಸಿ, ಅದು ನಮ್ಮ ಲೆಕ್ಕದಲ್ಲಿ ನಲವತ್ತೇ ಡಿಗ್ರಿ ಎಂದು ತಿಳಿಹೇಳಿ, ಆ ಎಪ್ಪತ್ತರ ಸಾಲು ಏನು ಹೇಳಿದರೂ ಅದರಲ್ಲಿ ಮೂವತ್ತು ಕಳೆದು ತೋರಿಸು ಎಂದು ಅವರಿಗೆ ಹೇಳದೆ ಲಿನಕ್ಸಿಗೆ ಬರೆದಿಟ್ಟೆ. ಮತ್ತೆ ಅಂಗಿ ತೊಡಿಸಿದೆ. ಅಂದಿನಿಂದ ದಿನಾ ಬೆಳಿಗ್ಗೆ ನಲವತ್ತು. ದಿನಾ ಬೆಳಿಗ್ಗೆ "ಬಾಗುಂದಿ ರಾ."

ಕಲ್ಯಾಣದುರ್ಗದಲ್ಲಿ ಪೂಜೆಯ ದಿನ ಅಮ್ಮ ರೇಷ್ಮೆ ಸೀರೆ ಉಟ್ಟು, ಬೆಳುಗುಪ್ಪದ ಅರ್ಧ ಬೀದಿಯನ್ನೇ ಕರೆದುಕೊಂಡು ಬಂದಿದ್ದಳು. ಕಂಪ್ಯೂಟರಿಗೆ ಮಖಮಲ್ಲಿನ ಅಂಗಿ, ಅದರ ಮೇಲೆ ಕುಂಕುಮ, ಹಿಂಭಾಗದ ಫ್ಯಾನು ಪೂರ್ತಿ ಮುಚ್ಚುವಂತೆ ದಪ್ಪನೆಯ ಚೆಂಡುಹೂವಿನ ಹಾರ. ಮಂಗಳಾರತಿ ಮುಗಿದು ನಾನು ಕುರ್ಚಿಯಲ್ಲಿ ಕೂತು ಅರ್ಧ ಸುತ್ತು ತಿರುಗಿದ್ದೆನೋ ಇಲ್ಲವೋ, "ಕೀಂಯ್ ಕೀಂಯ್" ಕೇಳಿಸಿತು. ಜಯರಾಮಣ್ಣ ನಗುತ್ತ, "ಇವತ್ತಾದ್ರೂ ಸುಮ್ಕಿರ್ಲಾ, ಬೀಗರು ನೆಂಟರು ಬಂದವ್ರೆ" ಎಂದರು. ಜನರೂ ನಕ್ಕರು. ಅಮ್ಮ ಹೆಮ್ಮೆಯಿಂದ, "ನಮ್ ಹುಡುಗಂದೇ ಕಣ್ರವ್ವ ಆ ಕೂಗು!" ಎಂದಳು. ನಾನು ಬಾಯಿ ಮುಚ್ಚಿಕೊಂಡೇ ಪರದೆ ನೋಡಿದೆ. ಐವತ್ತೆಂಟು. ಅದಕ್ಕೆ ಮೂವತ್ತು ಕೂಡಿಸಿ ನೋಡಬೇಕೆಂದು ಆ ಅಂಗಡಿಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಕೈ ಹಾರದವರೆಗೂ ಹೋಯಿತು. ಅಷ್ಟು ಜನರೆದುರು, ಪೂಜೆಯಾದ ಅಂಗಿಯನ್ನು ಹೊಲಿದವರ ಕಣ್ಣ ಮುಂದೆಯೇ ಬಿಚ್ಚುವುದು ಹೇಗೆ? ಹಾರವನ್ನು ಸುಮ್ಮನೆ ಸರಿಮಾಡಿದಂತೆ ಮಾಡಿ ಕೈ ಹಿಂದಕ್ಕೆಳೆದುಕೊಂಡೆ. ಅಷ್ಟರಲ್ಲಿ ಪರದೆ ಕಪ್ಪಾಯಿತು. ಕರ್ಪೂರದ್ದಲ್ಲದ ಒಂದು ವಾಸನೆ ಬಂತು.

ಜನ ಕೋಸಂಬರಿ ತಿಂದು ಹೋದರು. ಅಮ್ಮ ಯಾರ ಮುಖವನ್ನೂ ನೋಡದೆ ಬಸ್ಸಿಗೆ ನಡೆದಳು. ಜಯರಾಮಣ್ಣ ಹಾರ ತೆಗೆದು, ತಾವೇ ಹೊಲಿದ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಒಳಗಿನ ತಗಡು ಮುಟ್ಟಿ, ಸರಕ್ಕನೆ ಕೈ ಕೊಡವಿದರು. ನಾನು ಕಳೆದ ಮೂವತ್ತು, ಥರ್ಮಾಮೀಟರಿಗೆ ಹಾಕಿದ ಫ್ಯಾನಿನ ಗಾಳಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಅಂಗಿಯ ಮೇಲೆ ಮೊದಲಿಂದಲೂ ಅನುಮಾನವಿತ್ತು ಎಂಬುದನ್ನೂ, ಬುದ್ಧಿವಂತನೆನಿಸಿಕೊಳ್ಳುವ ಕೊನೆಯ ಆಸೆಯಿಂದ, ಸೇರಿಸಿದೆ. ಅವರು ಮಖಮಲ್ಲನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಬಾಯಿ ತೆರೆದರು. ಕನ್ನಡವೇ ಬಂತು.

"ಊರೋರ ಧ್ವನಿಯೆಲ್ಲ ಮಾಡ್ತೀಯ. 'ಅಣ್ಣ, ಅಂಗಿ ಬಿಚ್ಚು' ಅನ್ನಕ್ಕೆ ಮಾತ್ರ ನಿನ್ ಧ್ವನಿ ಎಲ್ಲಿಗೆ ಹೋಗಿತ್ಲಾ?"