ಭಾವನ ಕುರ್ಚಿ, ಭಾಮೈದನ ಬೆರಳು

ಆಣೆ ಮಾಡಿ ಹೇಳುತ್ತೇನೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಇದ್ದರೆ ನನ್ನ ನಾಲಿಗೆ ಇಲ್ಲೇ ಸುರುಳಿ ಸುತ್ತಿಕೊಳ್ಳಲಿ.

ಕುರ್ಚಿ ಮಂಚ ಮಾರುವ ಒಂದು ಅಂಗಡಿ. ಅಲ್ಲಿ ಸಾಹುಕಾರನ ಭಾಮೈದನೇ ಕೆಲಸಗಾರ. ಅವನಿಗೆ ಲಟಿಕೆ ಮುರಿಯುವ ಚಟ. ಎದ್ದರೆ ಬೆರಳು, ಉಂಡರೆ ಕತ್ತು, ಬೇಜಾರಾದರೆ ಸೊಂಟ. ಅವನು ಮೈ ಮುರಿದರೆ ಒಣ ಸೌದೆ ಮೇಲೆ ಆನೆ ನಡೆದಂಗೆ ಸದ್ದು. ಅದಕ್ಕೇ ಎಲ್ಲರ ಬಾಯಲ್ಲೂ ಅವನು ‘ಲಟಿಕೆ’.

ಅವತ್ತು ಬೆಳಗ್ಗೆ ಒಬ್ಬ ದಢೂತಿ ಮೇಷ್ಟ್ರು ಕುರ್ಚಿಯಲ್ಲಿ ಕೂತು ಹಿಂದಕ್ಕೆ ಒರಗಿದರು. ಪಕ್ಕದಲ್ಲಿ ನಿಂತಿದ್ದ ಲಟಿಕೆ ಅದೇ ಗಳಿಗೆಯಲ್ಲಿ ಬೆರಳು ಎಳೆದ. ಲಟಕ್! ಕುರ್ಚಿ ಮುರಿಯಿತೆಂದುಕೊಂಡ ಮೇಷ್ಟ್ರು ಚಂಗನೆ ಹಾರಿದವರು ಬೀದಿಯಲ್ಲೇ ನಿಂತದ್ದು.

ಸಾಹುಕಾರ ಕೆಂಡವಾದ. “ಲೋ, ಇವತ್ತು ಇನ್ನೊಂದ್ಸಲ ಆ ಸದ್ದು ಕೇಳಿಸ್ತೋ, ನೀನೂ ಆಚೆ, ನಿನ್ನ ಬೆರಳೂ ಆಚೆ!”

“ಹಂಗನ್ಬೇಡಿ ಭಾವಾ! ಈ ಕೆಲಸಾನೂ ಹೋದ್ರೆ ಮನೆ ಕಡೆ ತಲೆ ಹಾಕ್ಬೇಡಿ ಅಂದಿದ್ದಾಳೆ ನನ್ನ ಹೆಂಡ್ತಿ.”

“ಬುದ್ಧಿವಂತೆ!”

ಇನ್ನು ಉಪದೇಶಕ್ಕೇನು ಬರಗಾಲವೇ? ಪಾಲಿಶ್ ಹಾಕುವವನು ಬ್ರಶ್ ಬಿಟ್ಟು ಓಡಿಬಂದ. “ಅಣ್ಣಾ, ಹಂಗೆ ಮುರೀತಿದ್ರೆ ಮೂಳೆ ಸವೆದು ಹಿಟ್ಟಾಗ್ತದೆ. ನಮ್ಮ ಚಿಕ್ಕಪ್ಪನ ಕೈ ಈಗ ಒದ್ದೆ ಬಟ್ಟೆ ಥರ ನೇತಾಡ್ತಿದೆ.” ಆ ಚಿಕ್ಕಪ್ಪ ನಿತ್ಯ ಮರದ ದಿಮ್ಮಿ ಹೊರುವವನು. ಅದು ಬೇರೆ ಮಾತು.

ಗಲ್ಲಾದಲ್ಲಿ ಕೂರುತ್ತಿದ್ದ ಸಾಹುಕಾರನ ತಾಯಿ ಮಾತಿಗೆ ನಿಲ್ಲುವವಳಲ್ಲ. “ಬಾರೋ ಇಲ್ಲಿ” ಎಂದು ಪೆಟ್ಟಿಗೆ ಅಂಟಿಸುವ ಟೇಪು ತೆಗೆದು ಒಂದೊಂದು ಕೈಯ ಐದೂ ಬೆರಳು ಸೇರಿಸಿ ಸುತ್ತಿದಳು. ಲಟಿಕೆಯ ಕೈಗಳೆರಡೂ ದೋಣಿಯ ಹುಟ್ಟುಗಳಾದವು.

ಮಧ್ಯಾಹ್ನ ಮೂಳೆ ಡಾಕ್ಟರಮ್ಮ ಬಂದರು. ಅವರ ಆಸ್ಪತ್ರೆಗೆಲ್ಲ ಹೊಸ ಕುರ್ಚಿ ಬೇಕಂತೆ. ಸಾಹುಕಾರನ ಮುಖ ಪಾಲಿಶ್ ಇಲ್ಲದೆಯೇ ಹೊಳೆಯಿತು.

“ಇವರ ಕೈಗೇನಾಯ್ತು?”

“ಲಟಿಕೆ ಚಟ ಡಾಕ್ಟ್ರೇ. ಮೂಳೆ ಸವೀತದಂತೆ, ಅದಕ್ಕೇ…”

ಡಾಕ್ಟರಮ್ಮ ನಕ್ಕೇಬಿಟ್ಟರು. “ಯಾರ್ರೀ ಹೇಳಿದ್ದು? ಕೀಲಿನೊಳಗೆ ಎಣ್ಣೆ ಥರ ಒಂದು ರಸ ಇರತ್ತೆ. ಎಳೆದಾಗ ಅದರಲ್ಲಿ ಗಾಳಿಗುಳ್ಳೆ ಆಗತ್ತೆ, ಅದರದ್ದೇ ಸದ್ದು. ನೋವು, ಊತ ಇಲ್ದಿದ್ರೆ ಏನೂ ಭಯ ಇಲ್ಲ.” ಹೀಗೆನ್ನುತ್ತಾ ಕುರ್ಚಿಯಲ್ಲಿ ಕೂತರು.

ಲಟಕ್!

ಎಲ್ಲರ ಕಣ್ಣೂ ಒಟ್ಟಿಗೆ ಲಟಿಕೆಯ ಮೇಲೆ ಬಿದ್ದವು. ಅವನು ಪ್ರಾಣ ಹೋದಂತೆ ಎರಡೂ ಕೈ ಎತ್ತಿ ಕೂಗಿದ: “ನಾನಲ್ಲ! ಭಾವಾ, ಟೇಪ್ ನೋಡಿ, ನಾನಲ್ಲ! ಅದು ಕುರ್ಚೀದೇ!”

ಡಾಕ್ಟರಮ್ಮ ಎದ್ದು ಕುರ್ಚಿ ಮಗುಚಿ ನೋಡಿದರು. ಕಾಲಿನ ಕೀಲು ಬಿಟ್ಟುಕೊಂಡಿತ್ತು. “ಇದರ ಕೀಲಲ್ಲಿ ಗಾಳಿ ಇಲ್ಲ ಬಿಡಿ, ಅಂಟೂ ಇಲ್ಲ” ಎಂದು ಚೀಲ ಹೆಗಲಿಗೇರಿಸಿ ಹೊರಟೇ ಹೋದರು.

“ಅಯ್ಯೋ ದಡ್ಡಾ! ನಂದೇ ಬೆರಳು ಅನ್ನೋಕೆ ಏನಾಗಿತ್ತೋ ನಿಂಗೆ?”

“ನೀವೇ ಮುರೀಬೇಡ ಅಂದ್ರಲ್ಲಾ ಭಾವಾ…”

ಸಾಹುಕಾರ ತಲೆ ಕೆರೆದುಕೊಂಡ. ಅಲ್ಲೊಂದು ದೀಪ ಹತ್ತಿತು. ಟೇಪು ಕಿತ್ತೆಸೆದ, ಜೊತೆಗೆ ಲಟಿಕೆಯ ಕೈಕೂದಲೂ ಬಂತು. “ಇನ್ಮೇಲೆ ನಿನ್ನ ಕೆಲಸ ಇದೇ. ಗಿರಾಕಿ ಕೂತ ತಕ್ಷಣ ಮುರಿ. ಕುರ್ಚಿ ಸದ್ದು ಮಾಡಿದ್ರೂ ನಿನ್ನ ಬೆರಳು ಅಂದ್ಕೊಳ್ಳಲಿ.”

ಲಟಿಕೆಗೆ ಸ್ವರ್ಗ ಮೂರೇ ಗೇಣು. ಖುಷಿಗೆ ಅಲ್ಲೇ ಅಭ್ಯಾಸ ಶುರುಮಾಡಿದ. ಬೆರಳು, ಮಣಿಕಟ್ಟು, ಕತ್ತು, ಕಾಲ್ಬೆರಳು, ಒಂದೂ ಬಿಡಲಿಲ್ಲ. ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರು ಬಂದು ಮಂಚದ ಮೇಲೆ ಕೂತರು. ಮಂಚ ಕಿರ್ರ್ ಎಂದು ನರಳಿತು. ಸಾಹುಕಾರ ಕಣ್ಸನ್ನೆ ಮಾಡಿದ.

ಲಟಿಕೆ ಎಳೆದ. ಸದ್ದಿಲ್ಲ. ಮಡಚಿದ, ತಿರುಚಿದ, ಕತ್ತು ಬಗ್ಗಿಸಿದ. ಉಹುಂ! ಒಮ್ಮೆ ಲಟಿಕೆ ತೆಗೆದ ಕೀಲಿಗೆ ಮತ್ತೆ ಸದ್ದು ಬರಲು ಸ್ವಲ್ಪ ಹೊತ್ತು ಬೇಕು. ಅಷ್ಟನ್ನು ಹೇಳುವ ಮೊದಲೇ ಡಾಕ್ಟರಮ್ಮ ಹೊರಟುಹೋಗಿದ್ದರು. ಬೇರೆ ದಾರಿ ಕಾಣದೆ ಅವನು ಬಾಯಲ್ಲೇ “ಲಟಕ್!” ಎಂದ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ಎದ್ದು ನಡೆದರು. ಅವರ ಹಿಂದೆಯೇ ಲಟಿಕೆಯ ಚಪ್ಪಲಿ ಹಾರಿತು. ಚಪ್ಪಲಿಯ ಹಿಂದೆ ಲಟಿಕೆ. ಬೆಳಗ್ಗೆ ಮುರಿದನೆಂದು ಬೈಗುಳ, ಮಧ್ಯಾಹ್ನ ಮುರಿಯಲಿಲ್ಲವೆಂದು ಕೆಲಸಕ್ಕೇ ಕತ್ತರಿ!

ಏನು, ನಂಬಿಕೆ ಬರಲಿಲ್ಲವೇ? ಹಾಗಾದರೆ ಕೂತಿರುವ ಕುರ್ಚಿಯಿಂದ ಎದ್ದು ಇನ್ನೊಂದು ಸಲ ಕೂತುನೋಡಿ. ಸದ್ದು ಬಂದರೆ ಅದು ನಿಮ್ಮ ಮೊಣಕಾಲು ಅಂತ ಮಾತ್ರ ಹೇಳಬೇಡಿ. ಯಾವ ಅಂಗಡಿಯ ಕುರ್ಚಿ, ಅದನ್ನು ಹೇಳಿ!