ಸಿಂಗಾಪುರ ಕಡ್ಡಾಯ

ಕಾಲೇಜಿನ ಆಫೀಸಿನಲ್ಲಿ ಕ್ಲಾರ್ಕ್ ಆಗಿ ಕೂತವನಿಗೆ ನಗಲಿಕ್ಕೆ ಬೇರೆ ನಾಟಕದ ಗರಜಿಲ್ಲ. ನೋಟಿಸ್ ಬೋರ್ಡಿಗೆ ಒಂದು ಕಾಗದ ಅಂಟಿಸಿದರೆ ಸಾಕು, ಪರದೆ ತಾನೇ ಏಳುತ್ತದೆ. ತೊಂಬತ್ತರ ದಶಕದಲ್ಲಿ ನಾನು ಅಥಣಿ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿದ್ದೆ. ಯಾವುದೋ ಸೆಮಿನಾರಿಗೆ ಹೋಗಿ ಬಂದ ಪ್ರಿನ್ಸಿಪಾಲರು ನೋಟಿಸ್ ಬರೆಸಿದರು: ಬಿ.ಕಾಂ. ಕೊನೇ ವರ್ಷದವರೆಲ್ಲ ಹದಿನೈದು ದಿನ ಸಿಂಗಾಪುರಕ್ಕೆ ಹೋಗಿ ವ್ಯಾಪಾರ ಕಲಿಯಬೇಕು. ಖರ್ಚು ವಿದ್ಯಾರ್ಥಿಗಳದೇ. ಹೋಗದವರಿಗೆ ಹಾಲ್ ಟಿಕೆಟ್ ಇಲ್ಲ.

೧. ಎಣ್ಣಿ

ಪಾಲಕರ ಸಭೆ ಕರೆದೆವು. ಶೇಡಬಾಳ ಕಡೆಯ ಕಬ್ಬಿನ ಯಜಮಾನರೊಬ್ಬರು ಎದ್ದು ನಿಂತರು.

"ಅಲ್ಲಿಗೆ ಹೋಗಾಕ ಇಷ್ಟ್ಯಾಕ್ರಿ ರೊಕ್ಕ? ಹ್ವಾದ ಶ್ರಾವಣದಾಗ ನಮ್ಮ ಓಣಿಯವರೆಲ್ಲಾ ಜೀಪ್ ಮಾಡ್ಕೊಂಡು ಹೋಗಿ ಬಂದೀವಿ."

ಪ್ರಿನ್ಸಿಪಾಲರು ದಂಗಾದರು. "ಜೀಪಿನಾಗ? ಸಮುದ್ರ ಹೆಂಗ್ ದಾಟಿದ್ರಿ?"

"ಸಮುದ್ರ ಎಲ್ಲೈತ್ರಿ? ಸೀದಾ ಡಾಂಬರ್ ರಸ್ತಾ."

ಅವರು ಹೇಳುತ್ತಿರುವುದು ಮಹಾರಾಷ್ಟ್ರದ ಶನಿದೇವರ ಶಿಂಗಣಾಪುರ ಅಂತ ನಮಗೆ ಹೊಳೆಯುವಷ್ಟರಲ್ಲಿ ಯಜಮಾನರು ಮಗನ ಕಡೆ ತಿರುಗಿದ್ದರು. "ಎಣ್ಣಿ ಮನಿಯಿಂದ ಒಯ್ಯಲೇ. ಅಲ್ಲಿ ಭಾಳ ತುಟ್ಟಿ."

೨. ಕುರಿ

ಐಗಳಿಯ ಕುರಿಗಾರನೊಬ್ಬನ ಮಗಳು ಕ್ಲಾಸಿಗೇ ಮೊದಲಿಗಳು. ಹಾಲ್ ಟಿಕೆಟ್ ತಪ್ಪಿದರೆ ಮೂರು ವರ್ಷದ ಓದು ನೀರುಪಾಲು. ಅಪ್ಪ ಕಂಬಳಿ ಹೆಗಲಿಗೇರಿಸಿ ಪ್ರಿನ್ಸಿಪಾಲರ ಮುಂದೆ ನಿಂತ.

"ಸಾಹೇಬ್ರ, ನಮ್ಮ ಕುರಿ ವರ್ಷಾ ಮಿರಜ್ ದಾಟಿ ಹೋಗಿ ಬರ್ತಾವು. ಅಲ್ಲಿ ಭಾಷಾ ಬ್ಯಾರೆ, ಹುಲ್ಲು ಬ್ಯಾರೆ."

"ಅದಕ್ಕ?"

"ಹೊಲದಾಗ ರಾತ್ರಿ ಕುರಿ ತರಬಿ ನಿಲ್ಲಿಸಿದ್ರ ಗೊಬ್ಬರಾ ಆಗ್ತೈತಿ ಅಂತ ಅಲ್ಲಿಯವ್ರು ನಮಗ ಜ್ವಾಳಾ ಕೊಟ್ಟು ಕಳಸ್ತಾರ. ಬಂದವರಿಗೆ ಕೊಡೂದು ಪದ್ಧತಿ. ನಿಮ್ಮ ಸಿಂಗಾಪುರದವರಿಗೆ ಅಷ್ಟೂ ತಿಳಿಯಂಗಿಲ್ಲೇನ್ರಿ?"

ಪ್ರಿನ್ಸಿಪಾಲರು ನನ್ನ ಕಡೆ ನೋಡಿ ನೀರು ಕೇಳಿದರು.

೩. ಪೊಲೀಸ್

ದ್ರಾಕ್ಷಿ ತೋಟದವರ ಮಗನೊಬ್ಬ ಎಲ್ಲರಿಗಿಂತ ಮುಂಚೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ. ವಿಚಾರಣೆಗೆ ಪೊಲೀಸರು ಬರುತ್ತಾರೆಂದು ಮನೆಯಲ್ಲಿ ಹೇಳುವುದನ್ನು ಮರೆತ. ಒಂದು ದಿನ ಹವಾಲ್ದಾರರು ಅಂಗಳದಲ್ಲಿ ಸೈಕಲ್ ನಿಲ್ಲಿಸಿ, "ಇವ ನಿಮ್ಮ ಮಗ ಏನ್ರಿ?" ಅಂತ ಹೆಸರು ಓದಿದರು.

ಖಾಕಿ ಕಂಡ ಅಪ್ಪ ಹಿಂದೆ ಮುಂದೆ ನೋಡಲಿಲ್ಲ. "ಇಲ್ರೀ ಸಾಹೇಬ್ರ! ಅವನ್ನ ಯಾವಾಗೋ ಮನಿ ಬಿಟ್ಟು ಹೊರಗ ಹಾಕೀನಿ. ಏನ್ ಮಾಡ್ಯಾನೋ ಅವನ್ನ ಕೇಳ್ರಿ!"

ಮಗ ಪಕ್ಕದಲ್ಲೇ ನಿಂತು ರೊಟ್ಟಿ ತಿನ್ನುತ್ತಿದ್ದ. ಹವಾಲ್ದಾರರು, 'ಸದರಿ ವ್ಯಕ್ತಿ ಈ ವಿಳಾಸದಲ್ಲಿ ಇಲ್ಲ' ಅಂತ ಬರೆದುಕೊಂಡು ಹೋದರು. ಇಡೀ ಕಾಲೇಜಿನಲ್ಲಿ ಸಿಂಗಾಪುರದ ಹೆಸರಿನಲ್ಲಿ ಊರು ಬಿಟ್ಟವನು ಅವನೊಬ್ಬನೇ, ಅದೂ ಕಾಗದದ ಮೇಲೆ.

೪. ವಿನಾಯ್ತಿ

ಗದ್ದಲ ಜಾಸ್ತಿಯಾದಾಗ ಪ್ರಿನ್ಸಿಪಾಲರು ಕೊಂಚ ಇಳಿದರು: ಖರೇನೇ ಕೊಡಲಾಗದವರು ಪಾಲಕರ ಸಹಿಯೊಂದಿಗೆ ವಿನಾಯ್ತಿ ಕೇಳಬಹುದು. ಮರುದಿನ ಬಂದ ಮೊದಲ ಅರ್ಜಿಯನ್ನು ಎರಡೆರಡು ಸಲ ಓದಿದೆ. ತಡವರಿಸುತ್ತಲೇ ಅವರ ಮೇಜಿನ ಮೇಲಿಟ್ಟೆ.

"ಓದ್ರಿ," ಅಂದರು.

"'ನನ್ನ ತಂದೆಯವರಿಗೆ ಮೂರು ತಿಂಗಳಿಂದ ಪಗಾರ ಆಗಿಲ್ಲ. ಮನೆಯಲ್ಲಿ ಒಂದು ಮಾತು ಕೇಳದೆ ದೊಡ್ಡ ದೊಡ್ಡ ಕಾರಭಾರಕ್ಕೆ ಕೈಹಾಕುವುದು ಅವರ ಸ್ವಭಾವ.'"

"ಛೇ, ಪಾಪ! ಎಂಥಾ ಅಪ್ಪರಿ ಅವ! ಯಾರ ಮಗ?"

"ನಿಮ್ಮ ಮಗಾನ ರಿ, ಸರ."

ಅವರ ಮಗನೂ ಅದೇ ಕೊನೇ ವರ್ಷದಲ್ಲಿದ್ದ.

"ಸಹಿ ಯಾರದು?"

"ಅಕ್ಕಾರದು ರಿ, ನಿಮ್ಮ ಮನಿಯವರದು."

ನಾಮಂಜೂರು ಮಾಡಿದರೆ ರೊಕ್ಕ ಅವರೇ ಕೊಡಬೇಕು, ಮಂಜೂರು ಮಾಡಿದರೆ ಊರು ನಗುತ್ತದೆ. ಕೊನೆಗೆ, "ನೋಟಿಸ್ ಹರದು ಒಗೀರಿ" ಅಂದು ಊಟಕ್ಕೆ ಮನೆಗೆ ಹೋದರು. ನಾನು ಮೊದಲು ಐಗಳಿಯ ಹುಡುಗಿಯನ್ನು ಕರೆಸಿ, ಹಾಲ್ ಟಿಕೆಟ್ ಖಾತ್ರಿ ಅಂತ ಹೇಳಿದೆ.

ಮೂರಕ್ಕೆ ಪ್ರಿನ್ಸಿಪಾಲರು ಮುಖ ಸಣ್ಣ ಮಾಡಿಕೊಂಡು ಬಂದರು.

"ಅಕ್ಕಾರು ಖುಷಿ ಆದ್ರೇನ್ರಿ?" ಅಂತ ಕೇಳಿದೆ.

"ಆಗ್ಯಾಳ. ಸಿಂಗಾಪುರದ ರೊಕ್ಕ ಉಳೀತಲ್ಲ, ಅದರಾಗ ಕೈಗೆ ಬಂಗಾರದ ಪಾಟ್ಲಿ ಮಾಡಸ್ರಿ ಅಂತಾಳ," ಅಂದು ಕುರ್ಚಿಗೆ ಕುಸಿದರು. "ಇದಕ್ಕ ವಿನಾಯ್ತಿ ಅರ್ಜಿ ಯಾರಿಗೆ ಕೊಡಬೇಕ್ರೀ ಯಪ್ಪಾ?"