ಹೆಸರು ಮುಚ್ಚಿದ ಹಸ್ತಪ್ರತಿ

ವಿಶ್ವವಿದ್ಯಾಲಯದ ಪ್ರಕಟಣ ವಿಭಾಗದ ಗುಮಾಸ್ತ ಬೆಳಿಗ್ಗೆ ತಂದಿಟ್ಟ ಕಟ್ಟನ್ನು ಬಿಚ್ಚಿದ ಚೀನೀ ಭಾಷೆಯ ಮೇಷ್ಟ್ರು ಎರಡನೇ ಪುಟದಿಂದಲೇ ಮತ್ತೆ ಹೆಸರಿನ ಪುಟಕ್ಕೆ ಹಿಂದಿರುಗಿದರು. ವಿಮರ್ಶಕನಿಗೆ ಗೊತ್ತಾಗದಿರಲೆಂದು ಅನುವಾದಕನ ಹೆಸರಿನ ಮೇಲೆ ಕರಿ ಕಾಗದ ಅಂಟಿಸಿದ್ದರು. ಒಳಗಿನ ಚೀನೀ ಕವಿತೆಗಳ ಅನುವಾದ ಮಾತ್ರ ಅಕ್ಷರಶಃ ತಮ್ಮದೇ! ಗೆಳೆಯನನ್ನು ಬೀಳ್ಕೊಡುವಾಗ ವಿಲೋ ಮರದ ಟೊಂಗೆ ಮುರಿದುಕೊಡುವುದು ಆ ಹಳೆಯ ಕವಿಗಳ ವಾಡಿಕೆ. ಇದ್ದಂತೆಯೇ ಬರೆದರೆ ನಮ್ಮ ಓದುಗರಿಗೆ ಸೌದೆ ಕೊಟ್ಟು ಕಳಿಸಿದಂತೆ ಕಾಣುತ್ತದೆಂದು ಮೂರು ತಿಂಗಳು ತಲೆ ಕೆರೆದುಕೊಂಡು, ಗೆಳೆಯನ ಅಂಗಿಯ ತೋಳು ಹಿಡಿದು ಜಗ್ಗುವಂತೆ ಬದಲಿಸಿದ್ದರು. ಇಲ್ಲೂ ಅದೇ ತೋಳು, ಅದೇ ಜಗ್ಗಾಟ.

ಪ್ರಕಟಣೆಗೆ ಕಳಿಸಿಕೊಡಿ ಎಂದು ಹೋದ ವರ್ಷ ತಮ್ಮ ಚೀನೀ ವಿಭಾಗದ ಮುಖ್ಯಸ್ಥರ ಕೈಗೆ ಕೊಟ್ಟಿದ್ದ ಪ್ರತಿ, ಅಭಿಪ್ರಾಯಕ್ಕೆಂದು ತಮ್ಮ ಮೇಜಿಗೇ ಬಂದು ಕೂತಿದೆ!

"ಚೀನೀ ಬಲ್ಲವರು ಇಲ್ಲಿ ಇರೋದೇ ಇಬ್ರು, ನೀವು, ನಿಮ್ಮ ಹೆಡ್ಡು. ಇನ್ಯಾರಿಗೆ ಕೊಡ್ಲಿ ಸಾರ್?" ಎಂದಿದ್ದ ಗುಮಾಸ್ತ. "ನಾಲ್ಕಕ್ಕೆ ವರದಿ ಬೇಕು. ಐದಕ್ಕೆ ಪ್ರೊಫೆಸರ್ ಹುದ್ದೆಯ ಕಮಿಟಿ. ಪುಸ್ತಕ ಪಾಸಾದೋರಿಗೇ ಹುದ್ದೆ."

ಇದ್ದದ್ದು ಒಂದೇ ಹುದ್ದೆ. ಮೇಷ್ಟ್ರು ಕಾದದ್ದು ಹನ್ನೊಂದು ವರ್ಷ.

"ನಂದೇ ಅಂತ ಹೇಳಿಬಿಡ್ತೀನಿ ಕಣ್ರೀ," ಎಂದು ಪಕ್ಕದ ಕುರ್ಚಿಯ ಇತಿಹಾಸದ ಮೇಷ್ಟ್ರ ಬಳಿ ಗೋಳಾಡಿದರು.

"ಹೇಳಿ, ಹೇಳಿ. ಅವರು ಇನ್ನೊಬ್ಬ ವಿಮರ್ಶಕನ್ನ ಹುಡುಕೋ ಹೊತ್ತಿಗೆ ನೀವು ರಿಟೈರ್ ಆಗಿರ್ತೀರಿ. ಬಾಯಿ ಮುಚ್ಕೊಂಡು ಹೊಗಳ್ರೀ!"

ಮೇಷ್ಟ್ರು 'ಅನುವಾದ ಚೆನ್ನಾಗಿದೆ' ಎಂದು ಬರೆದರು.

"ಇದೇನ್ರೀ, ಬಾಡಿಗೆ ಮನೆ ನೋಡಿ ಬಂದೋರ ಥರ? ಗಟ್ಟಿಯಾಗಿ ಬರೀರಿ!"

ಮೊದಲು ನಾಚಿಕೆಯಾಯಿತು, ಆಮೇಲೆ ರುಚಿ ಹತ್ತಿತು. ಅಂಗಿಯ ತೋಳೊಂದಕ್ಕೇ ಎರಡು ಪುಟ ಹೋಯಿತು. 'ಇಂಥ ಅನುವಾದಕ ಶತಮಾನಕ್ಕೊಬ್ಬ' ಎಂದು ಮುಗಿಸಿ ಸಹಿ ಹಾಕುವುದಕ್ಕೂ ಮುಖ್ಯಸ್ಥರು ಒಳಗೆ ಬರುವುದಕ್ಕೂ ಸರಿಹೋಯಿತು. ಮೇಷ್ಟ್ರು ಹಾಳೆಗಳನ್ನು ಕುರ್ಚಿಗೆ ತಳ್ಳಿ ಮೇಲೆ ಕೂತುಬಿಟ್ಟರು.

"ಏನ್ರೀ, ಕಾವಿಗೆ ಕೂತ ಕೋಳಿ ಥರ ಕೂತಿದೀರಿ?"

"ಬೆ... ಬೆನ್ನು ನೋವು ಸಾರ್."

ಮುಖ್ಯಸ್ಥರು ಹೋಗಲಿಲ್ಲ. ಎದುರಿಗೆ ಕೂತು ಬೆವರೊರೆಸಿಕೊಂಡರು, ಗಡಿಯಾರ ನೋಡಿದರು, ಮತ್ತೆ ಒರೆಸಿಕೊಂಡರು. ನಾಲ್ಕಕ್ಕೆ ಐದು ನಿಮಿಷ. ಗುಮಾಸ್ತ ಬಾಗಿಲಲ್ಲಿ ಇಣುಕಿದ. "ಸಾರ್, ಆ ವರ—"

ಇತಿಹಾಸದ ಮೇಷ್ಟ್ರ ಮೊಣಕೈ ತಾಗಿ ನೀರಿನ ಜಗ್ಗು ಮುಖ್ಯಸ್ಥರ ಮಡಿಲಿಗೆ ಉರುಳಿತು. ಅವರು ಪ್ಯಾಂಟು ಕೊಡವುತ್ತ ಹೊರಗೋಡಿದರು. ಮುದುಡಿದ, ಬೆಚ್ಚಗಿನ ವರದಿ ಗುಮಾಸ್ತನ ಕೈ ಸೇರಿತು.

ಐದೂವರೆಗೆ ಅವನೇ ಓಡಿಬಂದ. "ಪುಸ್ತಕ ಪಾಸು! ವರದಿ ಓದಿ ಕುಲಪತಿಗಳೇ ಕಣ್ಣೊರೆಸಿಕೊಂಡ್ರಂತೆ!"

ಮೇಷ್ಟ್ರು ಕಾಲರ್ ಸರಿಮಾಡಿಕೊಂಡು ಎದ್ದು ನಿಂತರು. ಹಿಂದೆಯೇ ಒದ್ದೆ ಪ್ಯಾಂಟಿನ ಮುಖ್ಯಸ್ಥರು ನುಗ್ಗಿ ಅವರನ್ನು ಬಾಚಿ ತಬ್ಬಿಕೊಂಡರು.

"ನಾನು ಪ್ರೊಫೆಸರ್ ಆದೆ ಕಣ್ರೀ! ನನ್ನ ಪುಸ್ತಕಕ್ಕೆ ಯಾವನೋ ಪುಣ್ಯಾತ್ಮ ಎಂಥ ವರದಿ ಬರೆದಿದಾನೆ ಅಂತೀರಿ, ತಾನೇ ಅನುವಾದ ಮಾಡಿದೋನ ಥರ!"

ಇತಿಹಾಸದ ಮೇಷ್ಟ್ರು ಸೂರು ನೋಡತೊಡಗಿದರು. ಚೀನೀ ಮೇಷ್ಟ್ರ ಬಾಯಿ ತೆರೆಯಿತು. ಆದರೆ ಆ ವರದಿಯ ಕೊನೆಯಲ್ಲಿ, ಎಲ್ಲ ವಿಮರ್ಶಕರೂ ಬರೆಯಲೇಬೇಕಾದ ಒಂದು ಸಾಲಿತ್ತು: 'ಈ ಕೃತಿಗೂ ನನಗೂ ಯಾವ ಸಂಬಂಧವೂ ಇಲ್ಲ.' ಕೆಳಗೆ ದುಂಡಗೆ ಅವರದೇ ಸಹಿ.

"ಅಭಿನಂದನೆ ಸಾರ್," ಎಂದರು.

"ಥ್ಯಾಂಕ್ಸ್ ರೀ. ನಿಮ್ಮದು ಇನ್ನೇನಾದ್ರೂ ಇದ್ರೆ ಕೊಡಿ, ಸಂಕೋಚ ಬೇಡ," ಎಂದು ಮುಖ್ಯಸ್ಥರು ಬೆನ್ನು ತಟ್ಟಿದರು, "ಮುಂದಕ್ಕೆ ಕಳಿಸೋಕೆ ನಾನಿದೀನಿ."